ಚಿಮಣಿಯ ಬೂದಿ ಹಿಡಿದ ಫ್ರೆಡರಿಕ್ ಕಾಟ್ರೆಲ್: ನಿಮ್ಮ ಉಸಿರಿಗೂ ಅವರಿಗೂ ಏನು ಸಂಬಂಧ?

ಮುಂಬೈ ಅಥವಾ ಪುಣೆಯಿಂದ ಕಲಬುರಗಿ, ರಾಯಚೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ನೀವು ಪ್ರಯಾಣ ಮಾಡಿದ್ದರೆ, ಕೃಷ್ಣಾ ನದಿಯ ಹತ್ತಿರ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳನ್ನು ನೋಡಿರುತ್ತೀರಿ. ಚೆನ್ನೈಯವರಿಗೆ ಎಣ್ಣೂರು ಗೊತ್ತು, ದೆಹಲಿಯವರಿಗೆ ದಾದ್ರಿ, ಹೈದರಾಬಾದಿನಿಂದ ಉತ್ತರಕ್ಕೆ ಹೋಗುವವರಿಗೆ ರಾಮಗುಂಡಂ. ಗಂಟೆಗೆ ನೂರಾರು ಟನ್ ಕಲ್ಲಿದ್ದಲು ಉರಿಯುವ ಜಾಗಗಳು ಇವು. ಆದರೂ ಚಿಮಣಿಯ ಬಾಯಲ್ಲಿ ಕಪ್ಪು ಹೊಗೆ ಕಾಣುವುದು ಅಪರೂಪ. (ಪಕ್ಕದಲ್ಲಿ ಡಮರುವಿನಂತೆ ನಡು ಸಣ್ಣಗಿರುವ ಭಾರಿ ಗೋಪುರಗಳಿಂದ ಏಳುವ ಬಿಳಿ ಮೋಡ ಬರೀ ನೀರಾವಿ. ಅದನ್ನು ಕಂಡು ಹೆದರಬೇಕಾಗಿಲ್ಲ.)

ಮನೆಯಲ್ಲಿ ಆಸ್ತಮಾ, ಸಿಓಪಿಡಿ ಅಥವಾ ಹೃದಯದ ತೊಂದರೆ ಇರುವವರಿದ್ದರೆ ನಿಮಗೆ ಎರಡು ಪ್ರಶ್ನೆ ಬರುವುದು ಸಹಜ. ಅಷ್ಟೊಂದು ಹೊಗೆ ಎಲ್ಲಿಗೆ ಹೋಯಿತು? ಕಣ್ಣಿಗೆ ಕಾಣುತ್ತಿಲ್ಲ ಎಂದರೆ ಗಾಳಿ ಚೆನ್ನಾಗಿದೆ ಎಂದು ತಿಳಿಯಬಹುದೇ? ಎರಡಕ್ಕೂ ಉತ್ತರ ಹುಡುಕಲು ಅಮೆರಿಕದ ಒಬ್ಬ ರಸಾಯನಶಾಸ್ತ್ರಜ್ಞರ ಬದುಕನ್ನು ನೋಡುವುದು ಒಳ್ಳೆಯದು. ಅವರ ಹೆಸರು ಫ್ರೆಡರಿಕ್ ಗಾರ್ಡ್ನರ್ ಕಾಟ್ರೆಲ್. ಹೊಗೆಯನ್ನು ಹಿಡಿಯುವ ಯಂತ್ರವನ್ನು ಕಾರ್ಖಾನೆಗಳಲ್ಲಿ ನಿಜವಾಗಿ ಕೆಲಸ ಮಾಡುವಂತೆ ಮಾಡಿದವರು ಅವರು. ಅದು ಏನನ್ನು ಹಿಡಿಯುವುದಿಲ್ಲ ಎಂಬುದನ್ನು ಬಹಳ ಬೇಗ, ತಮ್ಮ ಕಣ್ಣೆದುರೇ ನೋಡಬೇಕಾಗಿ ಬಂದವರೂ ಅವರೇ.

ಮೇಷ್ಟ್ರಾಗಿ ಶುರು

ಕಾಟ್ರೆಲ್ ಹುಟ್ಟಿದ್ದು 1877ರ ಜನವರಿ 10ರಂದು, ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಊರಿನಲ್ಲಿ. ಚಿಕ್ಕಂದಿನಲ್ಲೇ ಮುದ್ರಣ, ಟೆಲಿಗ್ರಾಫ್, ಫೋಟೋ ತೆಗೆಯುವುದು ಎಂದು ಹತ್ತಾರು ಹುಚ್ಚು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪದವಿಯನ್ನು 1896ರಲ್ಲಿ ಮುಗಿಸಿ, ಊರಿನ ಹೈಸ್ಕೂಲಿನಲ್ಲಿ ಕೆಲವು ವರ್ಷ ಮೇಷ್ಟ್ರಾಗಿದ್ದರು. ಹಣ ಕೂಡಿದ ಮೇಲೆ ಜರ್ಮನಿಗೆ ಹೋದರು. ಬರ್ಲಿನ್‌ನಲ್ಲಿ ವಾಂಟ್ ಹಾಫ್, ಲೈಪ್‌ಜಿಗ್‌ನಲ್ಲಿ ಓಸ್ಟ್ವಾಲ್ಡ್. ಆ ಕಾಲದ ರಸಾಯನಶಾಸ್ತ್ರದಲ್ಲಿ ಇವರಿಗಿಂತ ದೊಡ್ಡ ಗುರುಗಳು ಸಿಗುವುದು ಕಷ್ಟವಿತ್ತು. 1902ರಲ್ಲಿ ಡಾಕ್ಟರೇಟ್ ಪಡೆದು ಬರ್ಕ್ಲಿಗೆ ಅಧ್ಯಾಪಕರಾಗಿ ಮರಳಿದರು. ವಿದ್ಯುತ್ ರಸಾಯನಶಾಸ್ತ್ರ ಓದುವವರು ಇಂದಿಗೂ ಅವರ ಹೆಸರಿನ ಒಂದು ಸಮೀಕರಣವನ್ನು ಕಲಿಯುತ್ತಾರೆ. ನಿಮ್ಮ ಮನೆಯ ಶುಗರ್ ಮೀಟರಿನ ಪಟ್ಟಿಯಲ್ಲಿ ರಕ್ತದ ಹನಿಯಿಂದ ಹೊರಡುವ ಕರೆಂಟನ್ನು ಲೆಕ್ಕ ಹಾಕುವುದರ ಹಿಂದೆಯೂ ಆ ಸಮೀಕರಣವಿದೆ. ಆದರೆ ಅದು ಬೇರೆ ಕಥೆ.

1904ರಲ್ಲಿ ಮದುವೆಯಾಯಿತು. ಜೆಸ್ ಮತ್ತು ಫ್ರೆಡರಿಕ್ ದಂಪತಿಗೆ ಹುಟ್ಟಿದ ಇಬ್ಬರು ಮಕ್ಕಳೂ ಶೈಶವದಲ್ಲೇ ತೀರಿಕೊಂಡರು.

ಸಂಜೆಗತ್ತಲಲ್ಲಿ ಕಂಡ ಬೆಳಕು

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿ ಪಿನೋಲ್ ಎಂಬಲ್ಲಿ ಡುಪಾಂಟ್ ಕಂಪನಿಯ ಸ್ಫೋಟಕ ಕಾರ್ಖಾನೆಯಿತ್ತು. ಸ್ಫೋಟಕಕ್ಕೆ ಗಂಧಕಾಮ್ಲ ಬೇಕು. ಅದನ್ನು ತಯಾರಿಸುವಾಗ ಏಳುತ್ತಿದ್ದ ಆಮ್ಲದ ಮಂಜು, ಅದರ ಜೊತೆಗೆ ಬರುತ್ತಿದ್ದ ಆರ್ಸೆನಿಕ್, ಇವೆರಡೂ ಕಂಪನಿಗೆ ತಲೆನೋವಾಗಿದ್ದವು. ಸಲಹೆಗಾಗಿ ಕಾಟ್ರೆಲ್ ಅವರನ್ನು ಕರೆದರು.

ಮಂಜನ್ನು ಹಿಡಿಯುವುದು ಸುಲಭವಲ್ಲ. ಬಟ್ಟೆಯ ಸೋಸುಗವನ್ನು ಆಮ್ಲ ತಿಂದುಹಾಕುತ್ತದೆ. ನೀರಿನಲ್ಲಿ ಗುಳುಗುಳು ಹಾಯಿಸಿದರೆ ಗುಳ್ಳೆಯೊಳಗೆ ಕುಳಿತು ಹಾಗೇ ಹೊರಗೆ ಬಂದುಬಿಡುತ್ತದೆ. ಗರಗರ ತಿರುಗಿಸಿ ಬೇರ್ಪಡಿಸಲು ನೋಡಿದರು, ಅದರಿಂದಲೂ ತೃಪ್ತಿಯಾಗಲಿಲ್ಲ. ಆಗ ಅವರಿಗೆ ಹಳೆಯದೊಂದು ಯೋಚನೆ ನೆನಪಾಯಿತು. ಬಾಚಣಿಗೆಯನ್ನು ಒಣಕೂದಲಿಗೆ ಉಜ್ಜಿ ಕಾಗದದ ಚೂರಿನ ಬಳಿ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುತ್ತವೆ, ಅಲ್ಲವೇ? ಹೊಗೆಯ ಕಣಕ್ಕೂ ಹಾಗೆ ವಿದ್ಯುತ್ ಅಂಟಿಸಿದರೆ? ಜರ್ಮನಿಯ ಹೋಲ್ಫೆಲ್ಡ್ 1824ರಲ್ಲೇ ಒಂದು ಗಾಜಿನ ಜಾಡಿಯೊಳಗಿನ ಹೊಗೆಯನ್ನು ಹೀಗೆ ಕೆಳಗಿಳಿಸಿ ತೋರಿಸಿದ್ದರು. ಇಂಗ್ಲೆಂಡಿನ ಆಲಿವರ್ ಲಾಡ್ಜ್ 1880ರ ದಶಕದಲ್ಲಿ ವೇಲ್ಸ್‌ನ ಒಂದು ಸೀಸದ ಕಾರ್ಖಾನೆಯಲ್ಲಿ ದೊಡ್ಡದಾಗಿಯೇ ಕಟ್ಟಿ ನೋಡಿದ್ದರು. ಕೆಲಸವಾಗಲಿಲ್ಲ. ಗಾಜಿನ ಚಕ್ರ ತಿರುಗಿಸಿ ಹುಟ್ಟಿಸುತ್ತಿದ್ದ ಅಂದಿನ ವಿದ್ಯುತ್ತು ಒಂದು ಕಾರ್ಖಾನೆಯ ಹೊಗೆಗೆ ಎಲ್ಲಿ ಸಾಲಬೇಕು!

ಕಾಟ್ರೆಲ್ ಕಾಲಕ್ಕೆ ಎರಡು ಸೌಕರ್ಯ ಬಂದಿದ್ದವು. ತಂತಿಯಲ್ಲಿ ಊರಿಗೆಲ್ಲ ಹರಿಯುವ ಕರೆಂಟು ಒಂದು, ಅದರ ವೋಲ್ಟೇಜನ್ನು ಹಲವಾರು ಪಟ್ಟು ಏರಿಸುವ ಟ್ರಾನ್ಸ್‌ಫಾರ್ಮರ್ ಇನ್ನೊಂದು. ಹಿಂದೆ ಮುಂದೆ ಓಲಾಡುವ ಆ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಚಕ್ರವನ್ನು ಅವರು ಜೋಡಿಸಿಕೊಂಡರು. ಆದರೂ ತಂತಿಯಿಂದ ವಿದ್ಯುತ್ತು ಗಾಳಿಗೆ ಒಂದೇ ಸಮ ಸೋರುವಂತೆ ಮಾಡುವುದು ಕೈಗೆ ಬರಲಿಲ್ಲ. ಒಂದು ಸಂಜೆ ಪ್ರಯೋಗಶಾಲೆಯಲ್ಲಿ ಬೆಳಕು ಕಡಿಮೆಯಾಗಿದ್ದಾಗ, ಹತ್ತಿ ನೂಲು ಸುತ್ತಿದ ಒಂದು ತಂತಿಯ ಉದ್ದಕ್ಕೂ ನೇರಳೆ ಬಣ್ಣದ ಮಂದ ಬೆಳಕು ಹೊಳೆಯುತ್ತಿದ್ದುದನ್ನು ಕಂಡರು. ಬರಿಯ ತಂತಿಯಲ್ಲಿ ಅದಿರಲಿಲ್ಲ. ನೂಲಿನ ಮೇಲೆ ಎದ್ದಿದ್ದ ಸಾವಿರಾರು ಎಳೆಗಳು ಸಾವಿರಾರು ಸೂಜಿಮೊನೆಗಳ ಹಾಗೆ ವಿದ್ಯುತ್ತನ್ನು ಗಾಳಿಗೆ ಬಿಡುತ್ತಿದ್ದವು. ಬೇಕಾಗಿದ್ದುದು ಅದೇ. ಬಿಸಿ ಮತ್ತು ಆಮ್ಲಕ್ಕೆ ಹತ್ತಿ ತಡೆಯದೆಂದು ಮುಂದೆ ಆಸ್ಬೆಸ್ಟಾಸ್, ಅಭ್ರಕ ಬಳಸಿದರು. ಆಸ್ಬೆಸ್ಟಾಸ್ ಎಳೆ ಶ್ವಾಸಕೋಶವನ್ನು ಏನು ಮಾಡುತ್ತದೆ ಎಂಬುದು ಆಗ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಇನ್ನೂ ಮುಂದೆ ಬರಿಯ ಸಣ್ಣ ತಂತಿಯೇ ಸಾಕಾಯಿತು.

1908ರ ಆಗಸ್ಟಿನಲ್ಲಿ ಪೇಟೆಂಟ್ ಸಿಕ್ಕಿತು. ಇಂದು ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವವರು ಇಎಸ್‌ಪಿ ಎಂದು ಕರೆಯುವುದು ಅದರ ದೊಡ್ಡ ರೂಪವನ್ನೇ. ನಾಲ್ಕೈದು ಅಂತಸ್ತಿನ ಕಟ್ಟಡದಷ್ಟು ಎತ್ತರದ ಪೆಟ್ಟಿಗೆ. ಒಳಗೆ ಸಾಲುಸಾಲು ಉಕ್ಕಿನ ತಗಡು, ನಡುವೆ ಇಳಿಬಿಟ್ಟ ತಂತಿಗಳು. ತಂತಿಯಲ್ಲಿ ಹತ್ತಾರು ಸಾವಿರ ವೋಲ್ಟ್. ಹೊಗೆ ನಡುವೆ ಹಾಯುವಾಗ ಬೂದಿಯ ಕಣಕ್ಕೆ ವಿದ್ಯುದಂಶ ಹತ್ತುತ್ತದೆ, ಕಣ ಹೋಗಿ ತಗಡಿಗೆ ಅಂಟುತ್ತದೆ. ಆಗಾಗ ಸುತ್ತಿಗೆ ತಗಡಿಗೆ ಬಡಿಯುತ್ತದೆ, ಬೂದಿ ಕೆಳಗಿನ ಡಬ್ಬಿಗೆ ಉದುರುತ್ತದೆ. ಉದುರಿದ ಆ ಹಾರುಬೂದಿಯ ದೊಡ್ಡ ಪಾಲು ಸಿಮೆಂಟಿಗೆ ಹೋಗುತ್ತದೆ. ನಿಮ್ಮ ಮನೆಯ ಗೋಡೆಯಲ್ಲಿ ಒಂದಿಷ್ಟು ಇದ್ದರೂ ಇರಬಹುದು.

ಕಣ ಸಿಕ್ಕಿತು, ಅನಿಲ ಸಿಗಲಿಲ್ಲ

ಕಾಟ್ರೆಲ್ ಅವರ ಮೊದಲ ದೊಡ್ಡ ಪರೀಕ್ಷೆ ಸೆಲ್ಬಿ ಎಂಬ ಕಾರ್ಖಾನೆಯಲ್ಲಿ. ಅದೇ ಕೊಲ್ಲಿಯ ದಡದಲ್ಲಿ ಸೀಸ ಕರಗಿಸುವ, ಬೆಳ್ಳಿ ಬಂಗಾರ ಬೇರ್ಪಡಿಸುವ ಜಾಗ ಅದು. ಹೊಗೆ ಗಾಳಿಯ ಜೊತೆ ನೀರು ದಾಟಿ ಎದುರು ದಡದ ಬೆನಿಶಿಯಾ ಊರಿನ ಮೇಲೆ ಹೋಗುತ್ತಿತ್ತು. ಬೆಳೆ ಸುಡುತ್ತಿದೆ, ಕುದುರೆಗಳು ಉಸಿರಾಡಲಾಗದೆ ಸಾಯುತ್ತಿವೆ ಎಂದು ಅಲ್ಲಿನ ರೈತರು ನ್ಯಾಯಾಲಯಕ್ಕೆ ಹೋಗಿದ್ದರು. ಮನುಷ್ಯರ ಕೆಮ್ಮಿಗಿಂತ ಕುದುರೆಯ ಸಾವಿಗೆ ನ್ಯಾಯಾಲಯದಲ್ಲಿ ಹೆಚ್ಚು ಬೆಲೆ ಸಿಗುತ್ತಿದ್ದ ಕಾಲ ಅದು ಎಂದರೆ ತಪ್ಪಾಗಲಾರದು. ಪ್ರಾಣಿಗೆ ಪೇಟೆಯಲ್ಲಿ ಒಂದು ದರವಿರುತ್ತದಲ್ಲ.

ಆಮ್ಲ ಕುದಿಸುವ ಕಡಾಯಿಗಳಿಂದ ಏಳುತ್ತಿದ್ದ ದಟ್ಟ ಬಿಳಿ ಮಂಜಿಗೆ ಕಾಟ್ರೆಲ್ ತಮ್ಮ ಯಂತ್ರ ಹಾಕಿದರು. ಸ್ವಿಚ್ ಒತ್ತಿದರೆ ಚಿಮಣಿಯ ಬಾಯಿ ತಿಳಿಯಾಗುತ್ತಿತ್ತು, ಆರಿಸಿದರೆ ಮತ್ತೆ ಮಂಜು. ಇಷ್ಟು ನೇರವಾಗಿ ಕಣ್ಣಿಗೆ ಕಾಣುವ ಯಶಸ್ಸು ವಿಜ್ಞಾನದಲ್ಲಿ ಹೆಚ್ಚು ಸಿಗುವುದಿಲ್ಲ.

ಆದರೆ ಕರಗಿಸುವ ಕುಲುಮೆಯಿಂದ ಬರುತ್ತಿದ್ದುದು ಮಂಜು ಮತ್ತು ದೂಳು ಮಾತ್ರವಲ್ಲ. ಅದಿರಿನಲ್ಲಿದ್ದ ಗಂಧಕ ಸುಟ್ಟು ಸಲ್ಫರ್ ಡೈಆಕ್ಸೈಡ್ ಎಂಬ ಅನಿಲವಾಗುತ್ತಿತ್ತು. ಅದಕ್ಕೆ ಬಣ್ಣವಿಲ್ಲ. ಮೂಗಿಗೆ ಘಾಟು, ಗಂಟಲಿಗೆ ಉರಿ, ಅಷ್ಟೇ. ಅನಿಲದ ಅಣುವನ್ನು ವಿದ್ಯುತ್ ತಗಡು ಹಿಡಿದಿಡಲಾರದು. ಕಣವಾದರೆ ಮಾತ್ರ ಸಿಗುತ್ತದೆ.

ಈ ಮಿತಿ ಎಷ್ಟು ದೊಡ್ಡದು ಎಂಬುದು ಕ್ಯಾಲಿಫೋರ್ನಿಯಾದ ಉತ್ತರಕ್ಕೆ, ಶಾಸ್ತಾ ಜಿಲ್ಲೆಯಲ್ಲಿ ಗೊತ್ತಾಯಿತು. ಅಲ್ಲಿ ಬಾಲಕ್ಲಾಲಾ ಎಂಬ ತಾಮ್ರ ಕರಗಿಸುವ ಕಾರ್ಖಾನೆಗೆ 1910ರಲ್ಲಿ ಕಾಟ್ರೆಲ್ ಯಂತ್ರ ಕೂರಿಸಿದರು. ದೂಳು ಬಹುಪಾಲು ನಿಂತಿತು. ಹೊಗೆ ತೆಳುವಾಯಿತು. ಆದರೂ ಸುತ್ತಲಿನ ರೈತರ ದೂರು ನಿಲ್ಲಲಿಲ್ಲ, ಏಕೆಂದರೆ ಅನಿಲ ಮೊದಲಿನಷ್ಟೇ ಹೋಗುತ್ತಿತ್ತು. ನ್ಯಾಯಾಲಯ ಹಾಕಿದ ಮಿತಿಯೊಳಗೆ ಅದನ್ನು ತರಲಾಗದೆ ಕಾರ್ಖಾನೆ 1911ರಲ್ಲಿ ಮುಚ್ಚಿತು. ನನಗನಿಸುವಂತೆ ಕಾಟ್ರೆಲ್ ಅವರ ಬದುಕಿನಲ್ಲಿ ರೋಗಿಗಳು ಮತ್ತು ಆರೈಕೆ ಮಾಡುವವರು ನೆನಪಿಡಬೇಕಾದ ಘಟನೆ ಇದೇ. ಯಂತ್ರ ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡುತ್ತಲೇ ಇತ್ತು. ಜನರನ್ನು ಕಾಡುತ್ತಿದ್ದುದರಲ್ಲಿ ಅರ್ಧ ಅದರ ಕೆಲಸವೇ ಆಗಿರಲಿಲ್ಲ.

ಅನಿಲದ ಗೊಡವೆ ಇಲ್ಲದ ಕಡೆ ಯಂತ್ರ ಚೆನ್ನಾಗಿಯೇ ಗೆದ್ದಿತು. ದಕ್ಷಿಣ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಹತ್ತಿರದ ಸಿಮೆಂಟ್ ಕಾರ್ಖಾನೆಯ ದೂಳು ಸುತ್ತಲಿನ ಕಿತ್ತಳೆ ತೋಟಗಳ ಎಲೆಯ ಮೇಲೆ ಹೊದಿಕೆಯಂತೆ ಕೂರುತ್ತಿತ್ತು. ಅಲ್ಲಿ ಕಾಟ್ರೆಲ್ ಯಂತ್ರ ಹಾಕಿದ ಮೇಲೆ ಸಿಕ್ಕ ದೂಳಿನಲ್ಲಿ ಪೊಟ್ಯಾಷ್ ಇರುವುದು ಗೊತ್ತಾಯಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಿಂದ ಪೊಟ್ಯಾಷ್ ಗೊಬ್ಬರ ಬರುವುದು ನಿಂತಾಗ, ಕಸವೆಂದು ಬಿಟ್ಟಿದ್ದ ದೂಳಿಗೆ ಬೆಲೆ ಬಂತು.

ಬಂದ ಹಣ ತನಗೆ ಬೇಡವೆಂದರು

ಇಷ್ಟು ಹೊತ್ತಿಗೆ ಕಾಟ್ರೆಲ್ ಶ್ರೀಮಂತರಾಗಬಹುದಿತ್ತು. ಅವರು ಬೇರೆ ದಾರಿ ಹಿಡಿದರು. ಪೇಟೆಂಟಿನ ಹಕ್ಕನ್ನು ಸಾರ್ವಜನಿಕ ಸಂಸ್ಥೆಯೊಂದಕ್ಕೆ ಕೊಟ್ಟು, ಬರುವ ಲಾಭವನ್ನು ಬೇರೆ ವಿಜ್ಞಾನಿಗಳ ಸಂಶೋಧನೆಗೆ ಬಳಸಬೇಕೆಂದು ಅವರ ಆಸೆ. ವ್ಯಾಪಾರದ ವ್ಯವಹಾರ ತಮಗೆ ಸಲ್ಲದೆಂದು ಹಲವರು ಹಿಂಜರಿದರು. ಕೊನೆಗೆ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ ಚಾರ್ಲ್ಸ್ ವಾಲ್ಕಾಟ್ ಅವರ ಬೆಂಬಲದಿಂದ 1912ರಲ್ಲಿ ನ್ಯೂಯಾರ್ಕ್‌ನಲ್ಲಿ ರಿಸರ್ಚ್ ಕಾರ್ಪೊರೇಶನ್ ಎಂಬ ಸಂಸ್ಥೆ ಹುಟ್ಟಿತು. ಲಾಭ ಹಂಚದ ಕಂಪನಿ ಅದು. ಕಾಟ್ರೆಲ್ ಸರ್ಕಾರಿ ಸಂಬಳದಲ್ಲಿ ಬದುಕಿದರು: ಗಣಿ ಇಲಾಖೆಯಲ್ಲಿ ಕೆಲಸ, 1920ರಲ್ಲಿ ಸ್ವಲ್ಪ ಕಾಲ ಅದರ ನಿರ್ದೇಶಕರು, ಆಮೇಲೆ 1930ರ ತನಕ ಗೊಬ್ಬರಕ್ಕೆ ಬೇಕಾದ ಸಾರಜನಕದ ಪ್ರಯೋಗಶಾಲೆಯ ಮುಖ್ಯಸ್ಥರು.

ಹೊಗೆಯಿಂದ ಬಂದ ಆ ಹಣ ಎಲ್ಲೆಲ್ಲಿಗೆ ಹೋಯಿತು ನೋಡಿ. ಅರ್ನೆಸ್ಟ್ ಲಾರೆನ್ಸ್ ಅವರ ಸೈಕ್ಲೋಟ್ರಾನ್ ಯಂತ್ರಕ್ಕೆ ನೆರವಾಯಿತು. ಇಂದು ಪೆಟ್ ಸ್ಕ್ಯಾನಿಗೆ ಬೇಕಾದ ವಿಕಿರಣ ಔಷಧ ತಯಾರಾಗುವುದು ಸೈಕ್ಲೋಟ್ರಾನಿನಲ್ಲೇ. ಈ ಮಾದರಿಯನ್ನು ನೋಡಿ ಬೇರೆಯವರೂ ಬಂದರು. ಬೆರಿಬೆರಿ ರೋಗ ತಡೆಯುವ ಬಿ1 ವಿಟಮಿನ್ನನ್ನು ಕೃತಕವಾಗಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ತಮ್ಮ ಪೇಟೆಂಟನ್ನು ಇದೇ ಸಂಸ್ಥೆಗೆ ಒಪ್ಪಿಸಿದರು. ಕಾಟ್ರೆಲ್ ತೀರಿಕೊಂಡ ಮೇಲೆ, 1950ರಲ್ಲಿ ನಿಸ್ಟಾಟಿನ್ ಎಂಬ ಶಿಲೀಂಧ್ರ ನಾಶಕ ಔಷಧ ಕಂಡುಹಿಡಿದ ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಕೂಡ ಅದರ ಆದಾಯವನ್ನು ಇದೇ ಸಂಸ್ಥೆಯ ಮೂಲಕ ಸಂಶೋಧನೆಗೆ ಬಿಟ್ಟರು. ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರಿಗೆ ಬಾಯಲ್ಲಿ ಬಿಳಿ ಪದರ ಕಟ್ಟುವುದುಂಟು. ಅದಕ್ಕೆ ವೈದ್ಯರು ಬರೆಯುವ ಔಷಧಗಳಲ್ಲಿ ನಿಸ್ಟಾಟಿನ್ ಒಂದು. (ಬಾಯಿ ಹಾಗಾಗದಿರಲು ಪ್ರತಿ ಸಲ ಇನ್‌ಹೇಲರ್ ಸೇದಿದ ಮೇಲೆ ನೀರಿನಲ್ಲಿ ಮುಕ್ಕಳಿಸಿ ಉಗುಳಿ.)

ಕಲ್ಲಿದ್ದಲಿಗೆ ಬಂದದ್ದು

ಇಲ್ಲಿಯವರೆಗೆ ಸೀಸ, ತಾಮ್ರ, ಸಿಮೆಂಟು. ವಿದ್ಯುತ್ ಸ್ಥಾವರಕ್ಕೆ ಈ ಯಂತ್ರ ಹೇಗೆ ಬಂತು?

ಮೊದಲು ಕಲ್ಲಿದ್ದಲನ್ನು ಗಟ್ಟಿಯಾಗಿಯೇ ಕಬ್ಬಿಣದ ಜಾಲರಿಯ ಮೇಲೆ ಸುಡುತ್ತಿದ್ದರು, ಬೂದಿ ಹೆಚ್ಚಾಗಿ ಕೆಳಗೆ ಬೀಳುತ್ತಿತ್ತು. 1920ರ ಹೊತ್ತಿಗೆ ಕಲ್ಲಿದ್ದಲನ್ನು ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಅರೆದು, ಗಾಳಿಯ ಜೊತೆ ಒಲೆಗೆ ಊದುವ ಪದ್ಧತಿ ಬಂತು. ಉರಿ ಚೆನ್ನಾಗಿ ಬರುತ್ತದೆ, ವಿದ್ಯುತ್ತು ಅಗ್ಗವಾಗುತ್ತದೆ. ಆದರೆ ಬೂದಿ ಕೆಳಗೆ ಬೀಳದೆ ಅನಿಲದ ಜೊತೆ ಹಾರಿ ಚಿಮಣಿಗೆ ಹೋಗುತ್ತದೆ. 1923ರಲ್ಲಿ ಅಮೆರಿಕದ ಡೆಟ್ರಾಯಿಟ್ ಎಡಿಸನ್ ಕಂಪನಿಯ ಟ್ರೆಂಟನ್ ಚಾನಲ್ ಸ್ಥಾವರದಲ್ಲಿ ಇಂಥ ಹಾರುಬೂದಿಗೆ ಕಾಟ್ರೆಲ್ ಯಂತ್ರವನ್ನು ಹಾಕಿದರು. ಅಲ್ಲಿಂದ ಅದು ಪ್ರಪಂಚದ ಕಲ್ಲಿದ್ದಲು ಸ್ಥಾವರಗಳಿಗೆಲ್ಲ ಹರಡಿತು.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು, ಅದರಲ್ಲಿ ಮೂರನೆಯ ಒಂದು ಪಾಲು ಬೂದಿ. 500 ಮೆಗಾವಾಟ್ ಘಟಕವೊಂದು ದಿನವಿಡೀ ಪೂರ್ತಿ ಓಡಿದರೆ ಚಿಮಣಿಯ ಕಡೆಗೆ ಹೊರಡುವ ಹಾರುಬೂದಿ 2,000 ಟನ್ನಿಗಿಂತ ಹೆಚ್ಚು. ಇಎಸ್‌ಪಿ ಶೇ. 99ರಷ್ಟು ಹಿಡಿದರೆ 20 ಟನ್ ಹೊರಗೆ ಹೋಗುತ್ತದೆ. ಶೇ. 99.9 ಹಿಡಿದರೆ 2 ಟನ್. ಕಾಗದದ ಮೇಲೆ ಎರಡೂ ಅಂಕಿ ಒಂದೇ ಥರ ಕಾಣುತ್ತವೆ. ಗಾಳಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ಅದಕ್ಕೇ ಯಂತ್ರ ಇದೆಯೇ ಎಂದು ಕೇಳುವುದಷ್ಟೇ ಸಾಲದು, ಅದು ಹೇಗೆ ಓಡುತ್ತಿದೆ ಎಂದು ಕೇಳಬೇಕು.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಗಂಧಕ ಕಡಿಮೆ. ಗಂಧಕ ಕಡಿಮೆ ಎಂದರೆ ಒಳ್ಳೆಯದಲ್ಲವೇ ಎನ್ನುತ್ತೀರಿ. ಹೌದು, ಆದರೆ ಅದಕ್ಕೊಂದು ತೊಡಕಿದೆ. ಗಂಧಕ ಕಡಿಮೆಯಿದ್ದ ಬೂದಿಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ತಗಡಿನ ಮೇಲೆ ಕುಳಿತ ಪದರವೇ ಯಂತ್ರದ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಇಲ್ಲಿನ ಇಎಸ್‌ಪಿಗಳು ಇನ್ನೂ ದೊಡ್ಡದಿರಬೇಕಾಗುತ್ತದೆ. ಮತ್ತೊಂದು ಮಾತು, ಈ ಯಂತ್ರಕ್ಕೆ ಹಿಡಿಯಲು ಅತಿ ಕಷ್ಟವಾಗುವುದು ಒಂದು ಮೈಕ್ರಾನಿಗಿಂತ ಸಣ್ಣ ಕಣಗಳು. ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಇಳಿಯುವ ಕಣಗಳೂ ಅವೇ.

ಡೊನೋರಾ, 1948

ಕಾಟ್ರೆಲ್ ಅವರ ಬದುಕಿನ ಕೊನೆಯ ಶರತ್ಕಾಲದಲ್ಲಿ ಅಮೆರಿಕದ ಇನ್ನೊಂದು ತುದಿಯಲ್ಲಿ ಒಂದು ದುರಂತ ನಡೆಯಿತು. ಪೆನ್ಸಿಲ್ವೇನಿಯಾದ ಡೊನೋರಾ ನದಿ ಕಣಿವೆಯ ಊರು. ಅಲ್ಲಿ ಸತುವಿನ ಕಾರ್ಖಾನೆ, ಉಕ್ಕಿನ ಕಾರ್ಖಾನೆ. 1948ರ ಅಕ್ಟೋಬರ್ ಕೊನೆಯ ವಾರ ತಣ್ಣಗಿನ ಗಾಳಿಯ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದಂತೆ ಕುಳಿತಿತು. ಹೊಗೆ, ಅನಿಲ ಎರಡೂ ಮೇಲೇಳಲಾಗದೆ ಕಣಿವೆಯಲ್ಲೇ ನಿಂತವು. ದೆಹಲಿಯಲ್ಲಿ ಚಳಿಗಾಲದ ಬೆಳಗನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವೇ ದಿನಗಳಲ್ಲಿ 20 ಜನ ಸತ್ತರು, ಸಾವಿರಾರು ಜನ ಹಾಸಿಗೆ ಹಿಡಿದರು. ಸತ್ತವರು ವಯಸ್ಸಾದವರು, ಅವರಲ್ಲಿ ಬಹಳ ಮಂದಿಗೆ ಮೊದಲೇ ಹೃದಯದ ಅಥವಾ ಶ್ವಾಸಕೋಶದ ಕಾಯಿಲೆಯಿತ್ತು.

ಇದಾಗಿ ಎರಡು ವಾರ ಕಳೆದಿತ್ತು. ನವೆಂಬರ್ 16ರಂದು ಬರ್ಕ್ಲಿಯಲ್ಲಿ ನಡೆಯುತ್ತಿದ್ದ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಕುಳಿತಿದ್ದ ಕಾಟ್ರೆಲ್ ಹೃದಯಾಘಾತದಿಂದ ತೀರಿಕೊಂಡರು. 71 ವರ್ಷ. ತಾವು ಓದಿ, ಪಾಠ ಮಾಡಿ, ಆ ನೇರಳೆ ಬೆಳಕನ್ನು ಕಂಡ ಊರಿನಲ್ಲೇ.

ಅವರು ಬಿಟ್ಟುಹೋದ ಅರ್ಧ ಕೆಲಸ

ಅನಿಲಕ್ಕೆ ಬೇರೆ ಉಪಾಯ ಬೇಕಿತ್ತು. ಕಾಟ್ರೆಲ್ ಬದುಕಿದ್ದಾಗಲೇ, 1930ರ ದಶಕದಲ್ಲಿ, ಲಂಡನ್ನಿನ ಬ್ಯಾಟರ್‌ಸೀ ಸ್ಥಾವರದಲ್ಲಿ ಥೇಮ್ಸ್ ನದಿಯ ನೀರಿನಿಂದ ಹೊಗೆಯನ್ನು ತೊಳೆದು ಗಂಧಕ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ಸುಣ್ಣದ ಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಹೊಗೆಯ ಮೇಲೆ ಸಿಂಪಡಿಸುತ್ತಾರೆ. ಗಂಧಕ ಸುಣ್ಣದ ಜೊತೆ ಸೇರಿ ಜಿಪ್ಸಂ ಆಗುತ್ತದೆ. ಇದಕ್ಕೆ ಎಫ್‌ಜಿಡಿ ಎಂದು ಹೆಸರು. ಮುಂಬೈಯ ಟ್ರಾಂಬೆ ಸ್ಥಾವರ 1980ರ ದಶಕದಲ್ಲೇ ಸಮುದ್ರದ ನೀರಿನಿಂದ ತೊಳೆಯುವ ವ್ಯವಸ್ಥೆ ಹಾಕಿಕೊಂಡಿತ್ತು. ಮಹಾರಾಷ್ಟ್ರದ ಡಹಾಣು ಸ್ಥಾವರಕ್ಕೆ 2007ರಲ್ಲಿ ಅದು ಬಂತು, ಅದೂ ಚಿಕ್ಕು ತೋಟಗಳ ನಾಡಿನ ಜನ ವರ್ಷಗಟ್ಟಲೆ ಕಾನೂನಿನ ಹೋರಾಟ ಮಾಡಿದ ಮೇಲೆ. ರಿವರ್‌ಸೈಡಿನ ಕಿತ್ತಳೆ ತೋಟದವರು ನೆನಪಾದರೆ ಆಶ್ಚರ್ಯವಿಲ್ಲ.

ಉಳಿದ ದೇಶದಲ್ಲಿ? ಬಹಳ ಕಾಲ ನಮ್ಮಲ್ಲಿ ಸ್ಥಾವರಗಳ ಗಂಧಕಕ್ಕೆ ಮಿತಿ ಇರಲಿಲ್ಲ, ಚಿಮಣಿ ಎತ್ತರವಿರಬೇಕು ಎಂಬ ನಿಯಮವಿತ್ತು. 500 ಮೆಗಾವಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕಗಳಿಗೆ 275 ಮೀಟರ್. ಎತ್ತರದಿಂದ ಬಿಟ್ಟರೆ ದೂರ ಹೋಗುತ್ತದೆ ಎಂಬ ಲೆಕ್ಕ. ದೂರ ಹೋಗುತ್ತದೆ, ನಿಜ. ಆದರೆ ಯಾರದೋ ಮನೆಗೆ. 2015ರ ಡಿಸೆಂಬರಿನಲ್ಲಿ ಬೂದಿ, ಗಂಧಕ, ನೈಟ್ರೋಜನ್ ಆಕ್ಸೈಡ್ ಮೂರಕ್ಕೂ ಹೊಸ ಮಿತಿ ಬಂತು. ಗಂಧಕದ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ದೇಶದ ಬಹುಪಾಲು ಘಟಕಗಳಿಗೆ ಆ ಷರತ್ತಿನಿಂದ ವಿನಾಯಿತಿ ಸಿಕ್ಕಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಖರ್ಚು ಹೆಚ್ಚು ಎಂಬುದು ಅದರ ಪರ ಇರುವವರ ವಾದ. ಎದುರಿನ ವಾದವೂ ನಿಮಗೆ ತಿಳಿದಿರಲಿ: ಚಿಮಣಿಯಿಂದ ಅನಿಲವಾಗಿ ಹೊರಟ ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ಗಂಟೆಗಳು, ದಿನಗಳು ಕಳೆದಂತೆ ಸಲ್ಫೇಟ್ ಎಂಬ ಸೂಕ್ಷ್ಮ ಕಣವಾಗಿ ಬದಲಾಗುತ್ತದೆ. ಅಂದರೆ ಕಾಟ್ರೆಲ್ ಯಂತ್ರ ದಾಟಿ ಬಂದದ್ದು ನೂರಾರು ಕಿಲೋಮೀಟರ್ ಆಚೆ ಪಿಎಂ 2.5 ಆಗಿ ಮತ್ತೆ ಹುಟ್ಟುತ್ತದೆ. ಈ ಕಣಕ್ಕೆ ಯಾವ ಚಿಮಣಿಯ ಯಂತ್ರವೂ ಅಡ್ಡ ಬರಲಾರದು.

ಕಾರ್ಬನ್ ಡೈಆಕ್ಸೈಡ್ ಇನ್ನೂ ಕಷ್ಟದ ಗಿರಾಕಿ. ಅಮೀನ್ ಎಂಬ ದ್ರಾವಣದಲ್ಲಿ ಅದನ್ನು ಹೀರಿಸಿ, ಕಾಯಿಸಿ, ಮತ್ತೆ ಬಿಡಿಸಿಕೊಳ್ಳಬೇಕು. ಕೆನಡಾದ ಬೌಂಡರಿ ಡ್ಯಾಮ್ ಸ್ಥಾವರ 2014ರಿಂದ ಇದನ್ನು ಮಾಡುತ್ತಿದೆ. ತಮಿಳುನಾಡಿನ ತೂತ್ತುಕುಡಿಯಲ್ಲಿ ಒಂದು ರಾಸಾಯನಿಕ ಕಾರ್ಖಾನೆ ತನ್ನ ಕಲ್ಲಿದ್ದಲು ಬಾಯ್ಲರಿನ ಕಾರ್ಬನ್ ಹಿಡಿದು ಸೋಡಾ ತಯಾರಿಸಿದೆ. ಬೂದಿ ಮತ್ತು ಗಂಧಕ ಹೊಗೆಯಲ್ಲಿ ಉಳಿದಿದ್ದರೆ ಆ ದ್ರಾವಣ ಕೆಡುತ್ತದೆ. ಹಾಗಾಗಿ ಕಾರ್ಬನ್ ಹಿಡಿಯಬೇಕಾದರೂ ಮೊದಲು ಇಎಸ್‌ಪಿ, ಆಮೇಲೆ ಎಫ್‌ಜಿಡಿ ಸರಿಯಾಗಿ ಓಡಬೇಕು.

ನಿಮ್ಮ ಮನೆಯಲ್ಲಿ

ಕಾಟ್ರೆಲ್ ಕಂಡ ಕಣ ಮತ್ತು ಅನಿಲದ ವ್ಯತ್ಯಾಸ ನಿಮ್ಮ ಮುಖದ ಮೇಲಿನ ಮಾಸ್ಕಿಗೂ ಅನ್ವಯಿಸುತ್ತದೆ. ಎನ್95 ಮಾಸ್ಕಿನ ಎಳೆಗಳಿಗೆ ತಯಾರಿಸುವಾಗಲೇ ವಿದ್ಯುದಂಶ ತುಂಬಿರುತ್ತಾರೆ, ಸಣ್ಣ ಕಣ ಅದಕ್ಕೆ ಅಂಟಿಕೊಳ್ಳುತ್ತದೆ. ಸೋಪು ಹಾಕಿ ತೊಳೆದರೆ ಆ ಗುಣ ಹೋಗುತ್ತದೆ, ಮಾಸ್ಕ್ ನೋಡಲು ಹೊಸದರಂತೆ ಇದ್ದರೂ ಕೆಲಸಕ್ಕೆ ಬಾರದು. ಮತ್ತು ಅದು ಅನಿಲವನ್ನು ತಡೆಯುವುದಿಲ್ಲ. ಗಾಳಿಯಲ್ಲಿ ಗಂಧಕದ ಘಾಟು ಬಂದರೆ ಮಾಸ್ಕಿದೆ ಎಂದು ಧೈರ್ಯ ಮಾಡಬೇಡಿ, ಒಳಗೆ ಬನ್ನಿ. ಆಸ್ತಮಾ ಇರುವವರಿಗೆ ಸಲ್ಫರ್ ಡೈಆಕ್ಸೈಡ್ ಕೆಲವೇ ನಿಮಿಷಗಳಲ್ಲಿ ಶ್ವಾಸನಾಳ ಬಿಗಿಯುವಂತೆ ಮಾಡಬಲ್ಲದು. ಓಡುತ್ತಿದ್ದರೆ, ಬಿರುಸಾಗಿ ನಡೆಯುತ್ತಿದ್ದರೆ ಇನ್ನೂ ಬೇಗ. ಸಿಓಪಿಡಿ ತೀವ್ರವಾಗಿರುವವರು ಎನ್95 ಹಾಕಿಕೊಂಡು ಉಸಿರು ಕಟ್ಟುತ್ತದೆ ಎಂದರೆ ಬಲವಂತ ಮಾಡದೆ ವೈದ್ಯರನ್ನು ಕೇಳಿ.

ಏರ್ ಪ್ಯೂರಿಫೈಯರ್ ಕೊಳ್ಳುವವರಿಗೆ ಒಂದು ಸೂಚನೆ. ಅಯಾನೈಸರ್ ಎಂದು ಬರೆದಿರುವ ಯಂತ್ರಗಳಲ್ಲಿರುವುದು ಕಾಟ್ರೆಲ್ ತಂತಿಯ ಚಿಕ್ಕ ತಮ್ಮನೇ. ಆ ನೇರಳೆ ಬೆಳಕಿನ ಜೊತೆ ಓಝೋನ್ ಅನಿಲವೂ ಸ್ವಲ್ಪ ಹುಟ್ಟುತ್ತದೆ, ಅದು ಆಸ್ತಮಾ ರೋಗಿಗಳಿಗೆ ಆಗದು. ಹೆಪಾ ಫಿಲ್ಟರ್ ಇರುವುದನ್ನು ಆರಿಸಿ. ಅದರಲ್ಲಿ ಅಯಾನೈಸರ್ ಬಟನ್ ಇದ್ದರೆ ಆಫ್ ಮಾಡಿಡಿ.

ಇನ್ನು ಮೊಬೈಲಿನಲ್ಲಿ ನೀವು ನೋಡುವ ಎಕ್ಯೂಐ ಅಂಕಿ. ಹಲವು ಮಾಲಿನ್ಯಗಳಲ್ಲಿ ಯಾವುದು ಅತಿ ಕೆಟ್ಟದಾಗಿದೆಯೋ ಅದರ ಅಂಕಿಯನ್ನೇ ಅಲ್ಲಿ ತೋರಿಸುತ್ತಾರೆ. ಸಾಮಾನ್ಯವಾಗಿ ಕೆಳಗೆ ಪಿಎಂ 2.5, ಪಿಎಂ 10, ಎಸ್‌ಓ2, ಎನ್‌ಓ2, ಓಝೋನ್ ಎಂದು ಬೇರೆ ಬೇರೆ ಸಾಲುಗಳಿರುತ್ತವೆ, ಒತ್ತಿ ನೋಡಿ. ಅಪ್ಪನಿಗೋ ಅತ್ತೆಗೋ ಉಸಿರು ಹೆಚ್ಚು ಕಟ್ಟಿದ ದಿನ, ರಾತ್ರಿ ಕೆಮ್ಮಿ ಎದ್ದ ಸಮಯ, ರಿಲೀವರ್ ಇನ್‌ಹೇಲರ್ ಎಷ್ಟು ಸಲ ಬೇಕಾಯಿತು, ಅಂದು ಯಾವ ಸಾಲಿನ ಅಂಕಿ ಏರಿತ್ತು ಎಂಬುದನ್ನು ಕ್ಯಾಲೆಂಡರಿನ ಅಂಚಿನಲ್ಲೇ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಶ್ವಾಸಕೋಶ ತಜ್ಞರ ಬಳಿ ಹೋಗುವಾಗ ಆ ಪುಟ ತೆಗೆದುಕೊಂಡು ಹೋಗಿ, ಮನೆಯ ಹತ್ತಿರ ಸ್ಥಾವರವೋ ಬೂದಿಯ ಹೊಂಡವೋ ಇದ್ದರೆ ಅದನ್ನೂ ಹೇಳಿ.